ಹುಬ್ಬಳ್ಳಿಯ ಜಾಜ್ ಬ್ಯಾಂಡುಗಳು

ಕೇಳುಗರಿಗೆಲ್ಲ ನಮಸ್ಕಾರ. ನಾನು ಆಲ್ಟೊ ಸ್ಯಾಕ್ಸೊಫೋನ್ ನುಡಿಸುವವನು. ಗಂಗೂಬಾಯಿ ಹಾನಗಲ್ ಇದ್ದ ಊರಿಗೆ, ಮಲ್ಲಿಕಾರ್ಜುನ ಮನ್ಸೂರರು ಹಾಡಿದ ಧಾರವಾಡದ ಮಗ್ಗುಲಿಗೆ ಜಾಜ್ ಎಲ್ಲಿಂದ ಬಂತು ಅಂತ ಈಗಿನ ಹುಡುಗರು ಕೇಳುತ್ತಾರೆ. ರೈಲಿನಲ್ಲಿ ಬಂತು. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲ್ವೆ ವರ್ಕ್‌ಶಾಪ್ ಬಂತು, ಅದರ ಬೆನ್ನಿಗೆ ಕಾಲೊನಿ, ಆಂಗ್ಲೋ ಇಂಡಿಯನ್ ಮನೆತನಗಳು, ಕ್ರಿಸ್‌ಮಸ್ ಡ್ಯಾನ್ಸು. ಲೋಂಡಾ, ಕ್ಯಾಸಲ್‌ರಾಕ್ ದಾಟಿದರೆ ಗೋವಾ. ಅಲ್ಲಿ ಚರ್ಚಿನ ಶಾಲೆಗಳಲ್ಲಿ ಮಕ್ಕಳಿಗೆ ಸಣ್ಣಂದಿನಿಂದಲೇ ಸ್ಟಾಫ್ ನೊಟೇಶನ್, ಅಂದರೆ ಐದು ಗೆರೆಯ ಮೇಲೆ ಬರೆದ ಸ್ವರಲಿಪಿ, ಓದಲು ಕಲಿಸುತ್ತಿದ್ದರು. ಅದಕ್ಕೇ ಮುಂಬೈಯ ಹೋಟೆಲ್ ಬ್ಯಾಂಡುಗಳಲ್ಲೂ ಹಿಂದಿ ಸಿನಿಮಾ ಸ್ಟುಡಿಯೊಗಳಲ್ಲೂ ಗೋವಾದವರದೇ ಕೈ ಮೇಲು. ಚಿಕ್ ಚಾಕೊಲೇಟ್ ಅಂತ ಹೆಸರಾದ ಟ್ರಂಪೆಟ್ ವಾದಕರು ಗೋವಾದವರೇ.

ನಮ್ಮ ಬ್ಯಾಂಡಿನಲ್ಲಿ ಎರಡು ಥರದ ಜನ ಇದ್ದರು. ಕಾಗದ ಓದುವ ಗೋವಾದವರು, ಕಿವಿಯಲ್ಲೇ ಹಿಡಿಯುವ ಮದುವೆ ಬ್ಯಾಂಡಿನವರು. ನಾನು ಮದುವೆ ಬ್ಯಾಂಡಿನಿಂದ ಬಂದವನು. ಎರಡು ವಾದ್ಯಗಳ ಶ್ರುತಿ ಬೇರೆ ಬೇರೆ, ಹಾಗಾಗಿ ಟ್ರಂಪೆಟ್‌ನವನ ಕಾಗದದಲ್ಲಿ ಸಿ ಸ್ವರ ಅಂತ ಇದ್ದರೆ ನನ್ನದರಲ್ಲಿ ಜಿ ಅಂತ ಇರುತ್ತಿತ್ತು, ಇಬ್ಬರೂ ಊದಿದರೆ ಹೊರಗೆ ಬರುವುದು ಒಂದೇ ಬಿ ಫ್ಲ್ಯಾಟ್. ಇದು ತಲೆಗೆ ಹೋಗಲು ನನಗೆ ಬಹಳ ದಿನ ಹಿಡಿಯಿತು.

ಹೊಸ ಟ್ಯೂನ್ ಸಿಗುತ್ತಿದ್ದುದು ಶಾರ್ಟ್‌ವೇವ್ ರೇಡಿಯೊದಲ್ಲಿ. ವಾಯ್ಸ್ ಆಫ್ ಅಮೆರಿಕಾದಲ್ಲಿ 1955ರಿಂದ ವಿಲ್ಲಿಸ್ ಕಾನೊವರ್ ಜಾಜ್ ಕಾರ್ಯಕ್ರಮ ನಡೆಸುತ್ತಿದ್ದರು. ಸ್ಟೇಷನ್ ಅಲೆಅಲೆಯಾಗಿ ಬರುತ್ತಿತ್ತು, ಒಳ್ಳೆ ಜಾಗದಲ್ಲೇ ಗುಂಯ್ ಅಂತ ಮುಳುಗಿಹೋಗುತ್ತಿತ್ತು. ಹಾಗಾಗಿ ಕೆಲಸ ಹಂಚಿಕೊಳ್ಳುತ್ತಿದ್ದೆವು: ಮೊದಲ ನಾಲ್ಕು ಬಾರ್, ಅಂದರೆ ತಾಳದ ನಾಲ್ಕು ತುಂಡು, ನೀನು ನೆನಪಿಟ್ಟುಕೊ, ಮುಂದಿನ ನಾಲ್ಕು ನಾನು, ಬಾಸ್ ಅವನು. ಮರುದಿನ ಶಿಫ್ಟ್ ಮುಗಿಸಿ ಬಂದು ಸೇರಿಸುತ್ತಿದ್ದೆವು. ಸಿಗದ ಜಾಗಕ್ಕೆ ನಮ್ಮದೇ ತುಂಬುತ್ತಿದ್ದೆವು, ಮತ್ತು ಎಷ್ಟೋ ಸಲ ಆ ತುಂಬಿದ ಜಾಗವೇ ಚೆನ್ನಾಗಿರುತ್ತಿತ್ತು, ಇದನ್ನು ನಾನು ಅಭಿಮಾನದಿಂದಲೇ ಹೇಳುತ್ತೇನೆ.

ಜಾಜಿನ ಬೇರುಗಳಲ್ಲೊಂದಾದ ಬ್ಲೂಸ್ ಹಾಡಿನ ಧಾಟಿ ನಮಗೆ ಬೇಗ ಒಗ್ಗಿತು. ಹನ್ನೆರಡು ಬಾರಿನ ಒಂದು ಸುತ್ತು, ಮುಗಿದರೆ ಮತ್ತೆ ಮೊದಲಿಗೆ. ಆವರ್ತನ ಮುಗಿಸಿ ಸಮಕ್ಕೆ ಬಂದು ಬೀಳುವ ಅಭ್ಯಾಸ ನಮ್ಮ ಕಡೆಯ ಕಿವಿಗೆ ಮೊದಲೇ ಇತ್ತಲ್ವಾ. ಕೋಮಲ ಗಾಂಧಾರಕ್ಕೂ ಶುದ್ಧಕ್ಕೂ ನಡುವೆ ಜಾರುವ ಆ ಬ್ಲೂ ನೋಟ್ ಅನ್ನು ಮದುವೆ ಬ್ಯಾಂಡಿನ ಕ್ಲಾರಿನೆಟ್‌ನವರು ಯಾರೂ ಹೇಳಿಕೊಡದೆ ಊದುತ್ತಿದ್ದರು.

ರೀಡಿನ ಕಷ್ಟ ಮಾತ್ರ ಕೇಳಬೇಡಿ. ಸ್ಯಾಕ್ಸೊಫೋನಿನ ಊದುವ ಬಾಯಿಗೆ ಕಟ್ಟುವ, ಬೆತ್ತದಂಥ ಒಂದು ತೆಳು ಸೀಳು ಅದು. ಮುಂಬೈಯಿಂದ ಯಾರಾದರೂ ತರಬೇಕಿತ್ತು. ಬೇಸಿಗೆಯಲ್ಲಿ ಒಣಗಿ ಡೊಂಕಾಗುತ್ತದೆ. ಬಾಯಲ್ಲಿಟ್ಟು ನೆನೆಸಿ, ಗಾಜಿನ ಮೇಲೆ ನುಣ್ಣನೆ ಪಾಲಿಶ್ ಕಾಗದ ಹಾಸಿ, ಹಗುರಾಗಿ ಎರಡೇ ಸಲ ಉಜ್ಜಬೇಕು. ಮೂರನೆಯ ಸಲ ಉಜ್ಜಿದರೆ ಕೀರಲು. ಮಳೆಗಾಲದಲ್ಲಿ ಕೀಗಳ ಚರ್ಮದ ಪ್ಯಾಡ್ ಉಬ್ಬಿ ಗಾಳಿ ಸೋರುತ್ತಿತ್ತು, ಕೆಳಗಿನ ಸ್ವರಗಳು ಏಳುತ್ತಲೇ ಇರಲಿಲ್ಲ.

ಸೋಲೊ ಊದಿದವನಿಗೆ ಚಪ್ಪಾಳೆ ಬೀಳುತ್ತದೆ. ನನ್ನ ಮನಸ್ಸು ಮಾತ್ರ ಹಿಂದಿನ ಸಾಲಿನವರ ಕಡೆಗೇ ಹೋಗುತ್ತದೆ. ನಮ್ಮ ಗಿಟಾರ್‌ನವರು ಜೀವಮಾನದಲ್ಲಿ ಸೋಲೊ ಕೇಳಿದವರಲ್ಲ. ಬಾರಿಗೆ ನಾಲ್ಕು ಏಟು, ರಾತ್ರಿಯಿಡೀ, ಒಂದೇ ತೂಕದಲ್ಲಿ. ನಾನು ದಾರಿ ತಪ್ಪುವ ಹೊತ್ತಿಗೆ ಕಾರ್ಡ್ ಅನ್ನು, ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪನ್ನು, ಒಂದಿಷ್ಟು ಒತ್ತಿ ಹೊಡೆಯುತ್ತಿದ್ದರು, ಅಲ್ಲಿಗೆ ನನಗೆ ಜಾಗ ಗೊತ್ತಾಗುತ್ತಿತ್ತು. ಕುಣಿಯುವವರಿಗೆ ಇದು ತಿಳಿಯುತ್ತಲೇ ಇರಲಿಲ್ಲ.

ಆಮೇಲೆ ಕಾಲೊನಿಯ ಮನೆತನಗಳು ಆಸ್ಟ್ರೇಲಿಯಾ, ಇಂಗ್ಲೆಂಡ್ ಅಂತ ಹೊರಟವು. ಕ್ಯಾಸೆಟ್ ಬಂತು, ಕೀಬೋರ್ಡ್ ಬಂತು. ನಾಲ್ಕು ಜನರ ಕೆಲಸ ಒಬ್ಬನೇ ಮಾಡುವಾಗ ನಾಲ್ವರಿಗೆ ಯಾರು ದುಡ್ಡು ಕೊಡುತ್ತಾರೆ? ನಮ್ಮವರಲ್ಲಿ ಕೆಲವರು ಗಣೇಶನ ಹಬ್ಬದ ಆರ್ಕೆಸ್ಟ್ರಾ ಸೇರಿದರು, ಕೆಲವರು ವಾದ್ಯ ಮಾರಿದರು.

ಒಂದು ಮಾತು ಕೇಳಿಕೊಳ್ಳುತ್ತೇನೆ. ಗದಗ ರಸ್ತೆಯ ಕಡೆಯೋ, ಕೇಶ್ವಾಪುರದಲ್ಲೋ, ಧಾರವಾಡದಲ್ಲೋ ನಿಮ್ಮ ಅಜ್ಜ ಬ್ಯಾಂಡಿನಲ್ಲಿದ್ದರೆ ಟ್ರಂಕ್ ತೆಗೆದು ನೋಡಿ. ಐದು ಗೆರೆಯ ಕಾಗದಗಳು, ಪೆನ್ಸಿಲ್ ಗುರುತುಗಳು ಇದ್ದರೆ ಸುಮ್ನೆ ರದ್ದಿಗೆ ಹಾಕಬೇಡಿ. ಹಾಳೆಯ ಮೂಲೆಯಲ್ಲಿ ಗಿಟಾರ್, ಎರಡನೇ ಸ್ಯಾಕ್ಸ್, ಡ್ರಮ್ ಅಂತ ಇದ್ದರಂತೂ ಮೊದಲು ಅವನ್ನೇ ತೆಗೆದಿಡಿ. ನಮಸ್ಕಾರ.