ನಾಲ್ಕು ಕುದುರೆ, ಒಂಬತ್ತು ಮನೆ: ಜಾಗ ಬದಲಿಸುವುದು ಹೇಗೆ?

(ಪರದೆ: ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಪೆನ್ನಿನಿಂದ ಬರೆದ ಒಂಬತ್ತು ಮನೆ)

ನಮಸ್ಕಾರ. ಹೀಗೆ ಮೂರು ಸಾಲು, ಸಾಲಿಗೆ ಮೂರು ಮನೆ ಬರೆದುಕೊಳ್ಳಿ. ಮೇಲಿನ ಎಡ ಮೂಲೆಯಿಂದ ಶುರುಮಾಡಿ 1ರಿಂದ 9ರವರೆಗೆ ನಂಬರ್ ಹಾಕಿ. ಮೇಲಿನ ಎರಡು ಮೂಲೆಗೆ, ಅಂದರೆ 1 ಮತ್ತು 3ಕ್ಕೆ, ಬಿಳಿ ಗುಂಡಿ. ಕೆಳಗಿನ 7 ಮತ್ತು 9ಕ್ಕೆ ಕಪ್ಪು ಗುಂಡಿ. ಅಂಗಿಯ ಗುಂಡಿ ಸಾಕು.

ಇವು ನಾಲ್ಕೂ ಚೆಸ್‌ನ ಕುದುರೆಗಳು. ಎರಡು ಮನೆ ನೇರ, ಒಂದು ಮನೆ ಪಕ್ಕಕ್ಕೆ, ಅಷ್ಟೇ ನಡೆ. ಹೊಡೆಯುವ ಹಾಗಿಲ್ಲ. ಒಂದು ಮನೆಯಲ್ಲಿ ಒಂದೇ ಕುದುರೆ. ಆಡುವವರು ನೀವೊಬ್ಬರೇ, ಯಾವ ಕುದುರೆಯನ್ನು ಬೇಕಾದರೂ ನಡೆಸಬಹುದು. ಬಿಳಿ ಕೆಳಗೆ ಬರಬೇಕು, ಕಪ್ಪು ಮೇಲೆ ಹೋಗಬೇಕು. ಎಷ್ಟು ನಡೆಯಲ್ಲಿ?

ವಿಡಿಯೋ ನಿಲ್ಲಿಸಿ ಒಮ್ಮೆ ಆಡಿ ನೋಡಿ, ದಯವಿಟ್ಟು. ಹತ್ತು ನಡೆ ಆಗುವಷ್ಟರಲ್ಲಿ ಯಾವ ಗುಂಡಿ ಎಲ್ಲಿಂದ ಬಂತು ಅನ್ನುವುದೇ ಮರೆತುಹೋಗುತ್ತದೆ.

ಈ ಒಗಟು ಬಹಳ ಹಳೆಯದು. 1512ರಲ್ಲಿ ಇಟಲಿಯ ಗ್ವಾರಿನಿ ಇದನ್ನು ಬರೆದಿಟ್ಟ. ಅದಕ್ಕೇ ಇದಕ್ಕೆ ಅವನ ಹೆಸರು. ಆದರೆ 9ನೇ ಶತಮಾನದ ಚದುರಂಗ ಪಂಡಿತ ಅಲ್-ಅದ್ಲಿಗೂ ಇದು ಗೊತ್ತಿತ್ತು.

(ಪರದೆ: ಪ್ರತಿ ಮನೆಯ ಮೇಲೆ ಒಂದು ಮಣಿ, ಪಕ್ಕದಲ್ಲಿ ಕೆಂಪು ದಾರ)

ಈಗ ಕುದುರೆಗಳನ್ನು ಸ್ವಲ್ಪ ಹೊತ್ತು ಬದಿಗಿಡೋಣ. ಮನೆಗಳನ್ನಷ್ಟೇ ನೋಡೋಣ. 1ರಿಂದ ಕುದುರೆ ಎಲ್ಲಿಗೆ ಹೋಗುತ್ತದೆ? 6ಕ್ಕೆ, ಇಲ್ಲವೇ 8ಕ್ಕೆ. ಬೇರೆ ದಾರಿಯೇ ಇಲ್ಲ. 6ರಿಂದ 1ಕ್ಕೆ ಅಥವಾ 7ಕ್ಕೆ. ಹೀಗೆ ಯಾವ ಮನೆಗಾದರೂ ಎರಡೇ ದಾರಿ. ನಡುವಿನ 5ಕ್ಕೆ ಮಾತ್ರ ಒಂದೂ ಇಲ್ಲ, ಅದನ್ನು ಮರೆತುಬಿಡಿ.

ದಾರಿ ಇರುವ ಮನೆಗಳ ನಡುವೆ ದಾರ ಕಟ್ಟುತ್ತಾ ಹೋದರೆ ನೋಡಲು ಎಂಟು ಮೂಲೆಯ ನಕ್ಷತ್ರದ ಹಾಗೆ ಸಿಕ್ಕುಸಿಕ್ಕು. ಈಗ ಮಣಿಗಳನ್ನು ಎತ್ತಿ, ದಾರ ಬಿಡಿಸಿ, ಮೇಜಿನ ಮೇಲೆ ಹರಡಿ.

(ಪರದೆ: ಸಿಕ್ಕು ಬಿಚ್ಚಿ ದಾರ ಒಂದು ಉಂಗುರವಾಗುತ್ತದೆ)

ಒಂದು ಬಳೆ! 1, 6, 7, 2, 9, 4, 3, 8, ಮತ್ತೆ 1. ಇಂಗ್ಲೆಂಡಿನ ಒಗಟುಗಾರ ಹೆನ್ರಿ ಡ್ಯೂಡ್ನಿ ಈ ಉಪಾಯಕ್ಕೆ ಇಟ್ಟ ಹೆಸರು ‘ಗುಂಡಿ ಮತ್ತು ದಾರ’. ನನಗಂತೂ ಇಡೀ ಒಗಟಿನಲ್ಲಿ ಅತಿ ಇಷ್ಟವಾದ ಗಳಿಗೆ ಇದು. ನಾವು ಪೇಚಾಡಿದ್ದು ಕುದುರೆಗಳಿಂದಲ್ಲ, ಮನೆಗಳನ್ನು ಚೌಕವಾಗಿ ಬರೆದದ್ದರಿಂದ.

ಕುದುರೆಗಳನ್ನು ವಾಪಸ್ ಇಡಿ. ಬಳೆಯ ಮೇಲೆ ಒಂದು ಬಿಟ್ಟು ಒಂದು ಮಣಿ ಖಾಲಿ. ಹಾಗಾಗಿ ಎಲ್ಲವನ್ನೂ ಒಂದೇ ದಿಕ್ಕಿಗೆ ಒಂದೊಂದು ಹೆಜ್ಜೆ ಸರಿಸಬಹುದು. 1ರದು 6ಕ್ಕೆ, 7ರದು 2ಕ್ಕೆ, 9ರದು 4ಕ್ಕೆ, 3ರದು 8ಕ್ಕೆ. ಒಂದು ಸುತ್ತು ಆಯಿತು. ಇನ್ನೊಂದು ಸುತ್ತು ಸರಿಸಿ ಚೌಕವನ್ನು ನೋಡಿ: ಬಿಳಿ ಎರಡೂ ಎಡಗಡೆ, ಕಪ್ಪು ಎರಡೂ ಬಲಗಡೆ. ಕಾಲು ಭಾಗ ತಿರುಗಿದ ಹಾಗಾಯಿತು, ಅಲ್ವಾ? ಮತ್ತೆರಡು ಸುತ್ತು ಸರಿಸಿದರೆ ಬಿಳಿ ಕೆಳಗೆ, ಕಪ್ಪು ಮೇಲೆ. ನಾಲ್ಕು ಸುತ್ತು, ಸುತ್ತಿಗೆ ನಾಲ್ಕು ನಡೆ. ಒಟ್ಟು 16.

15ರಲ್ಲಿ ಆಗುವುದಿಲ್ಲವೇ? ಇಲ್ಲ. ಬಳೆಯ ಮೇಲೆ ಒಂದು ಕುದುರೆ ಇನ್ನೊಂದನ್ನು ದಾಟಲಾರದು. ಯಾರ ಹಿಂದೆ ಯಾರು ಅನ್ನುವುದು ಕೊನೆಯವರೆಗೂ ಹಾಗೇ ಇರುತ್ತದೆ. 1ರ ಬಿಳಿ ಕುದುರೆಯ ಮುಂದೆ ಕಪ್ಪಿದೆ, ಹಿಂದೆ ಬಿಳಿ. ಕೊನೆಯಲ್ಲಿ ಹಾಗೆ ನಿಲ್ಲುವ ಬಿಳಿ ಕುದುರೆ 9ರದ್ದು ಮಾತ್ರ. ಅಂದರೆ ಅದು ಬಳೆಯ ಸರಿಯಾಗಿ ಎದುರು ಬದಿಗೆ ಹೋಗಲೇಬೇಕು. ಯಾವ ಕಡೆಯಿಂದ ಹೋದರೂ ಕನಿಷ್ಠ ನಾಲ್ಕು ಹೆಜ್ಜೆ. ಉಳಿದ ಮೂರಕ್ಕೂ ಇದೇ ಲೆಕ್ಕ.

ಈಗ ಬಿಳಿಯನ್ನು 1 ಮತ್ತು 9ರಲ್ಲಿ, ಕಪ್ಪನ್ನು 3 ಮತ್ತು 7ರಲ್ಲಿ ಇಟ್ಟು ಜಾಗ ಬದಲಿಸಿ. 8 ನಡೆ ಸಾಕು. ಆದರೆ ಮೊದಲಿನ ಆಟದಿಂದ ಈ ಜೋಡಣೆಗೆ ಬರಲು ನೋಡಿ, ದಿನವಿಡೀ ಸರಿಸಿದರೂ ಆಗುವುದಿಲ್ಲ. ಬಳೆಯ ಮೇಲೆ ಅಕ್ಕಪಕ್ಕ ಇರುವ ಎರಡು ಬಿಳಿಯ ನಡುವೆ ಕಪ್ಪು ನುಸುಳಲು ದಾರಿಯೇ ಇಲ್ಲ.

(ಪರದೆ: ಬಳೆ, ಅದರ ಮೇಲೆ ಬಿಳಿ, ಬಿಳಿ, ಕಪ್ಪು, ಕಪ್ಪು)