ಹಳೆಯ ಫೋನಿಗೆ ಲಿನಕ್ಸ್: ಅಳಿಸುವ ಮುನ್ನ ಗೊತ್ತಿರಲಿ

ಕೇಳುಗರಿಗೆ ನಮಸ್ಕಾರ.

ಆಂಡ್ರಾಯ್ಡ್ ಫೋನಿನ ತಳದಲ್ಲಿ ಇರುವುದೂ ಲಿನಕ್ಸ್ ಕರ್ನಲ್ಲೇ, ಅಂದರೆ ಯಂತ್ರಕ್ಕೂ ಆ್ಯಪ್‌ಗಳಿಗೂ ನಡುವೆ ನಿಂತು ಕೆಲಸ ಮಾಡಿಸುವ ತಿರುಳು. ಜಿಯೋಫೋನಿನ ಕೈಓಎಸ್‌ನಲ್ಲೂ ಅದೇ. ಹಾಗಾದರೆ ಫೋನಿಗೆ ಲಿನಕ್ಸ್ ಹಾಕುವುದು ಅಂದರೇನು? ಆ ಕರ್ನಲ್ಲಿನ ಮೇಲಿರುವ ಆಂಡ್ರಾಯ್ಡ್ ವ್ಯವಸ್ಥೆಯನ್ನು ತೆಗೆದು, ಲ್ಯಾಪ್‌ಟಾಪಿನಲ್ಲಿ ಇರುವಂಥ ಲಿನಕ್ಸನ್ನು ಕೂರಿಸುವುದು.

ಇದಕ್ಕೆ ಎರಡು ದಾರಿ. ಫೋನಿನ ಜೊತೆ ಬಂದ ಕರ್ನಲ್ಲನ್ನೂ, ಕ್ಯಾಮೆರಾದಂಥ ಬಿಡಿಭಾಗಗಳನ್ನು ನಡೆಸುವ ಡ್ರೈವರುಗಳನ್ನೂ ಹಾಗೇ ಉಳಿಸಿಕೊಂಡು ಮೇಲಿನದನ್ನು ಮಾತ್ರ ಬದಲಿಸುವುದು ಒಂದು. ಹಾಲಿಯಂ ಎಂಬ ಪದರದ ಮೂಲಕ ಉಬುಂಟು ಟಚ್ ಹೆಚ್ಚಿನ ಫೋನುಗಳಲ್ಲಿ ಓಡುವುದು ಹೀಗೆ. ಕೆನೊನಿಕಲ್ ಕಂಪನಿ 2013ರಲ್ಲಿ ಪ್ರಕಟಿಸಿದ ಈ ವ್ಯವಸ್ಥೆಯನ್ನು 2017ರಲ್ಲಿ ಕೈಬಿಟ್ಟಿತು. ಅಂದಿನಿಂದ ಅದನ್ನು ನಡೆಸುತ್ತಿರುವುದು ಯುಬಿಪೋರ್ಟ್ಸ್ ಎಂಬ ಸ್ವಯಂಸೇವಕರ ಬಳಗ. ಈ ದಾರಿಯಲ್ಲಿ ಕ್ಯಾಮೆರಾ, ಜಿಪಿಎಸ್ ಸಾಮಾನ್ಯವಾಗಿ ನಡೆಯುತ್ತವೆ. ಆದರೆ ಕರ್ನಲ್ ಮಾತ್ರ ಚಿಪ್ ತಯಾರಕರು ಬಿಟ್ಟ ಹಳೆಯದರಲ್ಲೇ ನಿಂತಿರುತ್ತದೆ.

ಎರಡನೆಯದು ಪೋಸ್ಟ್‌ಮಾರ್ಕೆಟ್‌ಓಎಸ್‌ನ ದಾರಿ. ಒಂದು ಫೋನು ಹತ್ತು ವರ್ಷ ಬಾಳಬೇಕು ಎಂಬ ಹಟದಿಂದ 2017ರಲ್ಲಿ ಶುರುವಾದದ್ದು, ಆಲ್ಪೈನ್ ಲಿನಕ್ಸ್ ಮೇಲೆ ಕಟ್ಟಿದ್ದು. ಸಾಧ್ಯವಾದಲ್ಲೆಲ್ಲ ಇದು ಹೊಸ, ಮುಖ್ಯವಾಹಿನಿಯ ಕರ್ನಲ್ಲನ್ನೇ ಬಳಸುತ್ತದೆ. ಹಾಗಾಗಿ ಪ್ರತಿ ಬಿಡಿಭಾಗಕ್ಕೂ ಯಾರಾದರೂ ಹೊಸದಾಗಿ ಡ್ರೈವರ್ ಬರೆಯಬೇಕು. ಸಾಲಿನಲ್ಲಿ ಕ್ಯಾಮೆರಾ ಯಾವಾಗಲೂ ಹಿಂದೆಯೇ.

ಪೋಸ್ಟ್‌ಮಾರ್ಕೆಟ್‌ಓಎಸ್ ಹಾಕುವುದು ಹೇಗೆಂದು ನೋಡಲು 2018ರ ಒನ್‌ಪ್ಲಸ್ 6 ತೆಗೆದುಕೊಳ್ಳೋಣ. ಅದರ ಸ್ನ್ಯಾಪ್‌ಡ್ರಾಗನ್ 845 ಚಿಪ್‌ಗೆ ಹೊಸ ಕರ್ನಲ್ಲಿನಲ್ಲಿ ಒಳ್ಳೆಯ ಬೆಂಬಲವಿದೆ. ಮೊದಲು ಬೇಕಾದದ್ದನ್ನೆಲ್ಲ ಬೇರೆಡೆ ನಕಲು ಮಾಡಿಟ್ಟುಕೊಳ್ಳಿ, ಫೋನು ಏಳುವಾಗ ಮೊದಲು ಓಡುವ ಬೂಟ್‌ಲೋಡರಿನ ಬೀಗ ತೆಗೆದ ಕೂಡಲೇ ಫೋನು ಖಾಲಿಯಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರನ್ನು ಏಳು ಸಲ ಒತ್ತಿ, ಡೆವಲಪರ್ ಆಯ್ಕೆಗಳಲ್ಲಿ ಓಇಎಂ ಅನ್‌ಲಾಕಿಂಗ್ ಆನ್ ಮಾಡಿ. ಫೋನು ಆಫ್ ಮಾಡಿ, ವಾಲ್ಯೂಮ್ ಹೆಚ್ಚಿಸುವ ಗುಂಡಿಯನ್ನೂ ಪವರ್ ಗುಂಡಿಯನ್ನೂ ಒಟ್ಟಿಗೆ ಒತ್ತಿ ಹಿಡಿದರೆ, ಕಂಪ್ಯೂಟರಿನಿಂದ ಫೋನಿಗೆ ಬರೆಯಲು ಬಿಡುವ ಫಾಸ್ಟ್‌ಬೂಟ್ ಪರದೆ ಬರುತ್ತದೆ. ಕಂಪ್ಯೂಟರಿನಿಂದ 'ಫಾಸ್ಟ್‌ಬೂಟ್ ಓಇಎಂ ಅನ್‌ಲಾಕ್' ಆಜ್ಞೆ ಕೊಟ್ಟು, ಫೋನಿನಲ್ಲಿ ಒಪ್ಪಿಗೆ ಒತ್ತಿ.

ಮುಂದಿನದೆಲ್ಲ ಪಿಎಂಬೂಟ್‌ಸ್ಟ್ರಾಪ್ ಎಂಬ ಉಪಕರಣದ ಕೆಲಸ. ಅದು ಓಡಲು ಕಂಪ್ಯೂಟರಿನಲ್ಲೂ ಲಿನಕ್ಸ್ ಬೇಕು. 'ಇನಿಟ್' ಎಂದಾಗ ಫೋನಿನ ಸಂಕೇತನಾಮ ಕೇಳುತ್ತದೆ. ಒನ್‌ಪ್ಲಸ್ 6ರದ್ದು ಎಂಚಿಲಾಡಾ, 6ಟಿಯದ್ದು ಫಹೀಟಾ. ಒಂದರದ್ದನ್ನು ಇನ್ನೊಂದಕ್ಕೆ ಹಾಕಬೇಡಿ, ಎರಡರ ಪರದೆಯೂ ಬೇರೆ. ಪರದೆಯ ಮುಖಕ್ಕೆ, ಅಂದರೆ ನಾವು ನೋಡಿ ಒತ್ತುವ ಭಾಗಕ್ಕೆ, ಫಾಶ್ ಎಂಬುದನ್ನು ಆರಿಸಿಕೊಂಡರೆ ಗುಪ್ತಪದ ಬರೀ ಅಂಕಿಗಳಲ್ಲಿರಲಿ, ಬೀಗದ ಪರದೆಯಲ್ಲಿ ಮೊದಲು ಎದುರಾಗುವುದು ಅಂಕಿಗಳ ಕೀಲಿಮಣೆಯೇ. ಆಮೇಲೆ 'ಇನ್‌ಸ್ಟಾಲ್'. ತಯಾರಾದ ಕಡತವ್ಯವಸ್ಥೆಯನ್ನು ಯೂಸರ್‌ಡೇಟಾ ವಿಭಾಗಕ್ಕೂ ಕರ್ನಲ್ಲನ್ನು ಬೂಟ್ ವಿಭಾಗಕ್ಕೂ ಬರೆಯಬೇಕು. ಕೊನೆಯಲ್ಲಿ ಡಿಟಿಬಿಓ ವಿಭಾಗವನ್ನು ಅಳಿಸಬೇಕು. ಇದನ್ನು ಮರೆತರೆ ಬೂಟ್‌ಲೋಡರ್ ಆಂಡ್ರಾಯ್ಡಿನ ಯಂತ್ರವಿವರವನ್ನು ಹೊಸ ಕರ್ನಲ್ಲಿನ ವಿವರದ ಮೇಲೆ ಹೇರುತ್ತದೆ, ಫೋನು ಏಳುವುದೇ ಇಲ್ಲ.

ಫಾಸ್ಟ್‌ಬೂಟ್ ನಡುವೆಯೇ ನಿಂತುಹೋದರೆ ಮೊದಲ ಅನುಮಾನ ಕೇಬಲ್ಲಿನ ಮೇಲಿರಲಿ. ಚಾರ್ಜಿಗಷ್ಟೇ ಆಗುವ ಕೇಬಲ್ಲುಗಳು ಬೇಕಾದಷ್ಟಿವೆ. ಕೆಲವು ಕಂಪ್ಯೂಟರುಗಳ ಯುಎಸ್‌ಬಿ 3 ಪೋರ್ಟಿನಲ್ಲೂ ತಕರಾರು ಬರುತ್ತದೆ. ನಡುವೆ ಹಳೆಯ ಯುಎಸ್‌ಬಿ 2 ಹಬ್ ಒಂದನ್ನು ಇಟ್ಟರೆ ಅದು ಸರಿಹೋಗುವುದುಂಟು. ಪರದೆ ಬಾರದಿದ್ದರೂ ಎದೆಗುಂದಬೇಡಿ. ಯುಎಸ್‌ಬಿ ಮೂಲಕವೇ 172.16.42.1 ವಿಳಾಸಕ್ಕೆ ಎಸ್‌ಎಸ್‌ಎಚ್ ಮಾಡಿ, ಅಂದರೆ ಕಂಪ್ಯೂಟರಿನಿಂದಲೇ ಆಜ್ಞೆ ಕೊಡುವ ಸಂಪರ್ಕ ಸಾಧಿಸಿ, ಒಳಹೊಕ್ಕು ನೋಡಬಹುದು. ಕನ್ನಡ ಅಕ್ಷರಗಳು ಬರೀ ಚೌಕಗಳಾಗಿ ಕಂಡರೆ ನೋಟೊ ಕನ್ನಡ ಫಾಂಟಿನ ಪ್ಯಾಕೇಜನ್ನು ಆಲ್ಪೈನ್‌ನ ಎಪಿಕೆ ಆಜ್ಞೆಯಿಂದ (ಆಂಡ್ರಾಯ್ಡಿನ ಎಪಿಕೆ ಕಡತವಲ್ಲ) ಹಾಕಿಕೊಂಡರಾಯಿತು.

ಇಷ್ಟೆಲ್ಲ ಆದ ಮೇಲೆ ಇದರಲ್ಲಿ ಫೋನ್ ಮಾಡಬಹುದೇ? ಭಾರತದಲ್ಲಿ ಕಷ್ಟ. ಜಿಯೋ ಜಾಲದಲ್ಲಿ 2ಜಿ, 3ಜಿ ಇಲ್ಲವೇ ಇಲ್ಲ. ಅಲ್ಲಿ ಮಾತುಕತೆಗೆ ವೋಲ್ಟಿ, ಅಂದರೆ 4ಜಿ ಮೇಲೆ ಕರೆ ಮಾಡುವ ಸೌಲಭ್ಯ, ಬೇಕೇ ಬೇಕು, ಈ ವ್ಯವಸ್ಥೆಗಳಲ್ಲಿ ವೋಲ್ಟಿಯ ಖಾತ್ರಿಯಿಲ್ಲ. ಇಂಟರ್‌ನೆಟ್ ಚೆನ್ನಾಗಿ ಓಡುತ್ತಿರುತ್ತದೆ, ಕರೆ ಮಾತ್ರ ಹೋಗುವುದಿಲ್ಲ. 2ಜಿ ಉಳಿಸಿಕೊಂಡಿರುವ ಕಂಪನಿಯ ಸಿಮ್ ಇದ್ದರೆ ಒಂದು ಆಸೆ ಇಟ್ಟುಕೊಳ್ಳಬಹುದು.

ಯುಪಿಐ ಅಂತೂ ಮರೆತುಬಿಡಿ. ವೇಡ್ರಾಯ್ಡ್ ಬಳಸಿ ಲಿನಕ್ಸ್ ಒಳಗೇ ಆಂಡ್ರಾಯ್ಡ್ ಆ್ಯಪ್‌ಗಳನ್ನು ಓಡಿಸಬಹುದು, ನಿಜ. ಆದರೆ ಯುಪಿಐ ಆ್ಯಪ್ ಮೊದಲಿಗೆ ನಿಮ್ಮ ಸಿಮ್‌ನಿಂದಲೇ ಒಂದು ಎಸ್‌ಎಂಎಸ್ ಕಳಿಸಿ ಸಾಧನವನ್ನು ಗುರುತು ಹಚ್ಚುತ್ತದೆ. ವೇಡ್ರಾಯ್ಡ್ ಕೈಗೆ ಸಿಮ್ಮೇ ಸಿಗುವುದಿಲ್ಲ.

ಹೀಗಾಗಿ ನಿತ್ಯದ ಫೋನನ್ನು ಇದಕ್ಕೆ ಬಲಿಕೊಡಬೇಡಿ. ಡ್ರಾಯರಿನಲ್ಲಿ ಬಿದ್ದಿರುವುದನ್ನು ಎತ್ತಿಕೊಳ್ಳಿ. ಪರದೆಯ ಮುಖವೇ ಇಲ್ಲದಂತೆ ಸ್ಥಾಪಿಸಿದರೆ ಅದು ಮನೆಯ ಪುಟ್ಟ ಸರ್ವರ್ ಆದೀತು, ಕಡತ ಹಂಚಲು ಸಾಕು. ಒಂದೇ ಮಾತು: ಸರ್ವರ್ ಎಂದು ಹಗಲೂ ರಾತ್ರಿ ಚಾರ್ಜರಿಗೆ ಸಿಕ್ಕಿಸಿಟ್ಟರೆ ಹಳೆಯ ಬ್ಯಾಟರಿ ಉಬ್ಬಬಹುದು. ಟೈಮರ್ ಇರುವ ಪ್ಲಗ್ಗಿನಲ್ಲಿ ದಿನಕ್ಕೆ ಕೆಲವು ಗಂಟೆ ಮಾತ್ರ ಚಾರ್ಜ್ ಆಗಲಿ, ಹಾಸಿಗೆ, ಕಿಟಕಿಯ ಪರದೆಗಳ ಹತ್ತಿರ ಇಡಬೇಡಿ, ಹಿಂಬದಿಯ ಮುಚ್ಚಳ ಮೇಲೆದ್ದಂತೆ ಕಂಡರೆ ಕೂಡಲೇ ಆಫ್ ಮಾಡಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಟ್ಟುಬಿಡಿ.

ನಮಸ್ಕಾರ.