ಪರದೆ ಒಳಗೆ, ಬಿಸಿಲೂ ಒಳಗೆ

ನಮಸ್ಕಾರ. ಈ ಸಂಚಿಕೆಗೆ ಬೇರೆಯದೇ ವಿಷಯ ಬರೆದಿಟ್ಟುಕೊಂಡಿದ್ದೆ. ಕಳೆದ ವಾರದ ವಿಡಿಯೊ ಕೆಳಗೆ ಬಂದಿರುವ ಒಂದು ಪ್ರತಿಕ್ರಿಯೆ ಓದಿದ ಮೇಲೆ ಆ ಹಾಳೆಗಳನ್ನು ಪಕ್ಕಕ್ಕೆ ಸರಿಸಿದೆ. ವೀಕ್ಷಕರೊಬ್ಬರು ಹೀಗೆ ಬರೆದಿದ್ದಾರೆ: "ನೀವು ಹೇಳಿದಂತೆ ಪಶ್ಚಿಮದ ಕಿಟಕಿಗೆ ದಪ್ಪ ಪರದೆ ಹಾಕಿಸಿದೆ. ಕೋಣೆ ಹಾಗೆಯೇ ಕುದಿಯುತ್ತಿದೆ. ಎಸಿ ಇಲ್ಲದೆ ಮನೆ ತಂಪಾಗುತ್ತದೆ ಎನ್ನುವುದೆಲ್ಲ ಬುರುಡೆ."

ಸ್ವಾಮಿ, ಪರದೆ ಹಾಕಿ ಎಂದು ನಾನು ಹೇಳಲೇ ಇಲ್ಲ. ನೆರಳು ಮಾಡಿ ಎಂದೆ. ಹೊರಗಡೆ ಮಾಡಿ ಎಂದೆ. ಬಿಸಿಲನ್ನು ಗಾಜಿನ ಆಚೆಗೇ ತಡೆಯಬೇಕು. ಇವತ್ತು ನಾನು ಹೇಳುವುದು ಇದೊಂದೇ ಮಾತು.

ನಿಮ್ಮ ಕಿಟಕಿಯ ಹತ್ತಿರವೇ ಹೋಗೋಣ. ಮಧ್ಯಾಹ್ನ ನಾಲ್ಕು ಗಂಟೆ. ಪರದೆಯನ್ನು ಒಂದು ಗೇಣು ಸರಿಸಿ, ಗಾಜಿಗೂ ಬಟ್ಟೆಗೂ ನಡುವೆ ಕೈ ತೂರಿಸಿ. ನಿನ್ನೆ ನಾನೂ ಹೀಗೆ ಮಾಡಿದೆ. ಕೈಗಡಿಯಾರದ ಲೋಹದ ಪಟ್ಟಿ ಒಂದೇ ನಿಮಿಷದಲ್ಲಿ ಚುರುಕ್ಕೆಂದಿತು. ಬಟ್ಟೆಯ ಬೆನ್ನು ಆಗತಾನೆ ಇಸ್ತ್ರಿ ಮಾಡಿದ ಅಂಗಿಯಷ್ಟು ಬಿಸಿಯಾಗಿತ್ತು. ಆಮೇಲೆ ಸ್ಟೂಲ್ ಹತ್ತಿ, ಪರದೆ ತೂಗುವ ಸರಳಿನ ಮೇಲೆ ಅಂಗೈ ಹಿಡಿದೆ. ಅಲ್ಲಿಂದ ಬಿಸಿ ಗಾಳಿ ಸದ್ದಿಲ್ಲದೆ ಮೇಲೆದ್ದು ಕೋಣೆಗೆ ಹರಡುತ್ತಿತ್ತು. ನಿಮ್ಮ ದಪ್ಪ ಪರದೆ ಬಿಸಿಲನ್ನು ತಡೆಯುತ್ತಿಲ್ಲ, ಅದನ್ನು ಹೀರಿಕೊಂಡು ನಿಮಗೇ ಹಂಚುತ್ತಿದೆ.

ಕಾರಣ ಸರಳ. ಸಾಮಾನ್ಯ ತೆಳು ಗಾಜು ತನ್ನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಶೇ. 80ಕ್ಕೂ ಹೆಚ್ಚನ್ನು ಒಳಗೆ ಬಿಟ್ಟುಕೊಡುತ್ತದೆ. ಒಳಗೆ ಬಂದ ಬಿಸಿಲು ಬಟ್ಟೆ, ನೆಲ, ಮಂಚ ಎಲ್ಲವನ್ನೂ ಕಾಯಿಸುತ್ತದೆ. ಕಾದ ವಸ್ತುಗಳು ಹೊರಸೂಸುವ ಶಾಖದ ಅಲೆಗಳು ಉದ್ದನೆಯವು, ಅವು ಗಾಜನ್ನು ದಾಟಲಾರವು. ಬರುವುದಕ್ಕೆ ಹೆಬ್ಬಾಗಿಲು, ಹೋಗುವುದಕ್ಕೆ ಬೀಗ! ಇಳಿಹೊತ್ತಿನ ಬಿಸಿಲಿಗೆ ನೇರವಾಗಿ ಎದೆಯೊಡ್ಡಿದ ಎರಡು ಚದರ ಮೀಟರ್ ಗಾಜಿನಿಂದ ಸುಮಾರು 1,000 ವ್ಯಾಟ್ ಶಾಖ ಒಳಗೆ ನುಗ್ಗುತ್ತದೆ. ಕೋಣೆಯ ಮೂಲೆಯಲ್ಲಿ ಒಂದು ಹೀಟರ್ ಉರಿಸಿಟ್ಟು, ಅದರ ಮೇಲೆ ಬಟ್ಟೆ ಹೊದಿಸಿ, "ಇನ್ನೂ ಸೆಕೆ" ಎಂದರೆ ನಾನೇನು ಹೇಳಲಿ?

ಅದೇ ಬಟ್ಟೆಯನ್ನು ಗಾಜಿನ ಆಚೆ ಕಟ್ಟಿ. ಬಟ್ಟೆ ಕಾಯುತ್ತದೆ, ಕಾಯಲಿ. ಅದರ ಬಿಸಿಯನ್ನು ಹೊರಗಿನ ಗಾಳಿ ಒಯ್ಯುತ್ತದೆ.

ಈ ತಪ್ಪನ್ನು ದೊಡ್ಡವರೂ ಮಾಡಿದ್ದಾರೆ. ಪ್ಯಾರಿಸ್‌ನಲ್ಲಿ ಮನೆಯಿಲ್ಲದವರಿಗಾಗಿ ಹೆಸರಾಂತ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಕಟ್ಟಿದ ಆಶ್ರಯಧಾಮ 1933ರಲ್ಲಿ ತೆರೆಯಿತು. ದಕ್ಷಿಣದ ಬಿಸಿಲಿಗೆ ಮುಖ ಮಾಡಿದ, ತೆರೆಯಲು ಬಾರದ ದೊಡ್ಡ ಗಾಜಿನ ಗೋಡೆ. ತಂಪು ಮಾಡುವ ಯಂತ್ರಕ್ಕೆ ಹಣ ಸಾಲಲಿಲ್ಲ. ಬೇಸಿಗೆ ಬಂತು, ಒಳಗಿದ್ದವರು ಬೆಂದರು. ಕೊನೆಗೆ ತೆರೆಯುವ ಕಿಟಕಿಗಳನ್ನು ಕೂಡಿಸಬೇಕಾಯಿತು. ಎರಡನೆಯ ಮಹಾಯುದ್ಧದ ನಂತರ ಆ ಮುಖಕ್ಕೆ ಬಿಸಿಲು ತಡೆಯುವ ಅಡ್ಡಪಟ್ಟಿಗಳು ಬಂದವು. ಎಲ್ಲಿ? ಗಾಜಿನ ಹೊರಗೆ! ಪ್ಯಾರಿಸ್‌ನಂತಹ ತಣ್ಣನೆಯ ಊರಿನಲ್ಲೇ ಈ ಗತಿಯಾದರೆ, ಸುಡುವ ನಾಡುಗಳಲ್ಲಿ ಇವತ್ತಿಗೂ ಗಾಜಿನ ಪೆಟ್ಟಿಗೆ ಕಟ್ಟುತ್ತಿರುವುದನ್ನು ಕಂಡಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

"ಇದೆಲ್ಲ ಅಜ್ಜನ ಕಾಲದ್ದು" ಎನ್ನುವವರಿದ್ದಾರೆ. ಜಿಂಬಾಬ್ವೆಯ ಹರಾರೆಯಲ್ಲಿರುವ ಈಸ್ಟ್‌ಗೇಟ್ ಸೆಂಟರ್ 1996ರದು, ಅಂಗಡಿಗಳೂ ಕಚೇರಿಗಳೂ ತುಂಬಿದ ಕಟ್ಟಡ. ಅದರ ವಾಸ್ತುಶಿಲ್ಪಿ ಮಿಕ್ ಪಿಯರ್ಸ್. ಅಲ್ಲಿ ಮಾಮೂಲಿ ಹವಾನಿಯಂತ್ರಣ ಇಲ್ಲ. ರಾತ್ರಿಯ ತಂಪು ಗಾಳಿಯನ್ನು ಫ್ಯಾನುಗಳು ಕಾಂಕ್ರೀಟಿನ ನಡುವೆ ಹಾಯಿಸುತ್ತವೆ. ಎಲ್ಲರೂ ಅದನ್ನು ಗೆದ್ದಲಿನ ಹುತ್ತಕ್ಕೆ ಹೋಲಿಸಿ ಅಲ್ಲಿಗೇ ನಿಲ್ಲುತ್ತಾರೆ. ಹೊರಗೋಡೆಯ ಮೇಲೆ ನೇರ ಬಿಸಿಲು ಬೀಳದಂತೆ ಚಾಚುಗಳನ್ನು ಕೊಟ್ಟಿದ್ದಾರಲ್ಲ, ಅದನ್ನು ಯಾರೂ ಹೇಳುವುದಿಲ್ಲ. ಹಗಲಿಡೀ ಗೋಡೆ ಕಾದಿದ್ದರೆ ರಾತ್ರಿಯ ಗಾಳಿ ಏನು ಮಾಡೀತು?

ಸೂರಿಗೂ ಇದೇ ಮಾತು. ರಾತ್ರಿ ಹತ್ತು ಗಂಟೆಗೆ ಸ್ಟೂಲ್ ಹತ್ತಿ ತಾರಸಿಯ ತಳಕ್ಕೆ ಅಂಗೈ ಒತ್ತಿ ನೋಡಿ. ಸೂರ್ಯ ಮುಳುಗಿ ಮೂರು ತಾಸಾದರೂ ಅದು ಇನ್ನೂ ಬೆಚ್ಚಗಿರುತ್ತದೆ. ಹಗಲೆಲ್ಲ ಕುಡಿದ ಬಿಸಿಲನ್ನು ಮಲಗಿದವರ ಮೇಲೆ ಸುರಿಯುತ್ತಿರುತ್ತದೆ. ಮೇಲೆ ಬಿಳಿ ಸುಣ್ಣವೋ ಬಿಳಿ ಬಣ್ಣವೋ ಬಳಿಯಿರಿ, ಇಲ್ಲವೇ ಒಂದು ಚಪ್ಪರ ಹಾಕಿ. ಬುರ್ಕಿನಾ ಫಾಸೊ ದೇಶದ ಗ್ಯಾಂಡೊ ಎಂಬ ಹಳ್ಳಿಯಲ್ಲಿ ವಾಸ್ತುಶಿಲ್ಪಿ ಫ್ರಾನ್ಸಿಸ್ ಕೆರೆ 2001ರಲ್ಲಿ ಶಾಲೆ ಕಟ್ಟಿದರು. ತಗಡಿನ ಸೂರೇ, ಆದರೆ ಕೋಣೆಯ ಮುಚ್ಚಿಗೆಯಿಂದ ಮೇಲಕ್ಕೆತ್ತಿ ನಿಲ್ಲಿಸಿದರು. ನಡುವೆ ಗಾಳಿ ಆಡುತ್ತದೆ. ತಗಡಿನ ಬಿಸಿ ಆ ಗಾಳಿಗೆ ಹೋಗುತ್ತದೆ, ಮಕ್ಕಳ ತಲೆಗಲ್ಲ. ಆ ಮನುಷ್ಯನಿಗೆ 2022ರಲ್ಲಿ ವಾಸ್ತುಶಿಲ್ಪದ ಅತಿ ದೊಡ್ಡ ಗೌರವವೆನ್ನುವ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಇದು ಅಜ್ಜನ ಕಾಲದ್ದೇ? ಸುಣ್ಣದ ಬಗ್ಗೆ ಒಂದು ಇಡೀ ಸಂಚಿಕೆ ಮಾಡಿದ್ದೇನೆ, ಕೊಂಡಿ ಕೆಳಗಿದೆ, ದಯವಿಟ್ಟು ನೋಡಿ. ಯಾವ ಬಣ್ಣದ ಕಂಪನಿಯಿಂದಲೂ ನಾನು ಹಣ ಪಡೆದಿಲ್ಲ. ಈ ವಾಹಿನಿ ನಡೆಯುತ್ತಿರುವುದು ನಿಮ್ಮ ಚಂದಾದಾರಿಕೆಯಿಂದ. ಇನ್ನೂ ಚಂದಾದಾರರಾಗದಿದ್ದರೆ ಈಗಲೇ ಆಗಿ.

"ನಮ್ಮದು ತೇವದ ಹವೆ, ಇಲ್ಲಿ ಇದು ನಡೆಯುವುದಿಲ್ಲ" ಎಂದು ಇನ್ನೊಬ್ಬರು ಬರೆದಿದ್ದಾರೆ. ತೇವದ ಹವೆಯಲ್ಲಿ ಏರ್ ಕೂಲರ್ ಸೋಲುತ್ತದೆ, ಒಪ್ಪಿದೆ. ನೆರಳಿಗೆ ತೇವದ ಹಂಗಿಲ್ಲ. "ಕೋಣೆ ಕತ್ತಲಾಗುತ್ತದೆ" ಎನ್ನುತ್ತಾರೆ. ಓದಲು ಬೇಕಾದ್ದು ಬೆಳಕು, ಕಣ್ಣಿಗೆ ಕುಕ್ಕುವ ಬಿಸಿಲಲ್ಲ. "ಸಜ್ಜಾ ಇದೆಯಲ್ಲ" ಎನ್ನುತ್ತಾರೆ. ಪಶ್ಚಿಮದ ಸೂರ್ಯ ಕೆಳಗಿಳಿದು ಸಜ್ಜಾದ ಅಡಿಯಿಂದಲೇ ನುಗ್ಗುತ್ತಾನೆ. ಅಲ್ಲಿ ಅಡ್ಡ ಚಾಚು ಸಾಲದು, ಗಾಜಿನ ಎದುರಿಗೇ ಏನಾದರೂ ನಿಲ್ಲಬೇಕು. ಬಿದಿರಿನ ತಟ್ಟಿ, ಮರದ ಪಟ್ಟಿಗಳ ಬಾಗಿಲು, ಒಂದು ಬಳ್ಳಿ, ಕಡೆಗೆ ಒಂದು ಹಳೆಯ ಬಿಳಿ ಪಂಚೆಯಾದರೂ ಆದೀತು. ಆದರೆ ಹೊರಗೆ.

"ಎಸಿ ಇದೆಯಲ್ಲ, ಇಷ್ಟೆಲ್ಲ ಯಾಕೆ?" ಎಸಿ ಬೇಕಾದವರು ಹಾಕಿಕೊಳ್ಳಲಿ, ಕಾಯಿಲೆಯವರಿಗೆ, ಮುದುಕರಿಗೆ ಅದು ಜೀವ ಉಳಿಸುವ ಯಂತ್ರ. ಆದರೆ ಬಿಸಿಲನ್ನು ನೀವೇ ಒಳಗೆ ಕರೆದು, ಅದನ್ನು ಮತ್ತೆ ಹೊರದಬ್ಬಲು ಕರೆಂಟು ಸುಡುವುದು ಎಂಥ ಲೆಕ್ಕ? ಜಗತ್ತಿನ ವಿದ್ಯುತ್ತಿನಲ್ಲಿ ಸುಮಾರು ಶೇ. 10 ಎಸಿ ಮತ್ತು ಫ್ಯಾನುಗಳಿಗೇ ಹೋಗುತ್ತಿದೆ ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2018ರಲ್ಲೇ ಲೆಕ್ಕ ಕೊಟ್ಟಿತು. ನಿಮ್ಮ ಎಸಿ ಉಗುಳಿದ ಬಿಸಿ ಪಕ್ಕದವರ ಕಿಟಕಿಗೆ ಬಡಿಯುತ್ತದೆ. ಅವರಲ್ಲಿ ಎಸಿ ಇರುವುದಿಲ್ಲ. ಇದನ್ನು ಹೇಳುವಾಗ ನನಗೆ ಗಂಟಲು ಕಟ್ಟುತ್ತದೆ.

ಬರೆದುಕೊಂಡದ್ದು ಇನ್ನೂ ಇದೆ, ಓದುವುದಿಲ್ಲ. ಹೊರಗೆ. ಅಷ್ಟೇ. ಬಾಡಿಗೆ ಮನೆಯೇ? ಹೊರಗೆ. ಬರೀ ಎರಡು ಮೊಳೆ, ಒಂದು ಹಗ್ಗ ಇದೆಯೇ? ಹೊರಗೆ.

ಪ್ರತಿಕ್ರಿಯೆ ಬರೆದವರೇ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಆ ಕೋಣೆಯಲ್ಲಿ ನೀವು ಬೇಯುತ್ತಿದ್ದೀರಲ್ಲ ಎಂಬ ಸಂಕಟವಷ್ಟೇ. ಒಂದು ತಟ್ಟಿ ಕಟ್ಟಿ, ನಾಲ್ಕು ದಿನ ಬಿಟ್ಟು, ಅದೇ ನಾಲ್ಕು ಗಂಟೆಗೆ ಗಾಜನ್ನು ಮುಟ್ಟಿ ನೋಡಿ. ಆಮೇಲೆ ನನಗೊಂದು ಫೋಟೊ ಕಳುಹಿಸಿ. ಅಂಗಳದಲ್ಲಿ ನಿಂತು ತೆಗೆದದ್ದು ಇರಲಿ. ಒಳಗಿನಿಂದ ತೆಗೆದದ್ದು ಬೇಡ.